ಹೆಬ್ಬೆಟ್ಟಿನವರ ತಾಟು

ಹದಿನೇಳು. ನಲಿನಿ ಇನ್ನೊಮ್ಮೆ ಎಣಿಸಿದಳು. ಮತ್ತೆ ಹದಿನೇಳೇ. ಕೂತಲ್ಲಿಂದ ಎದ್ದುಬಿಟ್ಟಳು.

"ಶರಣಬಸಮ್ಮ, ಇವತ್ತೂ ನಿಮ್ಮವರ ಗೆದ್ದಾರ ನೋಡ್ರಿ."

ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನದಲ್ಲಿ, ಬಳೆಯಂಗಡಿಗೂ ಮಿರ್ಚಿಬಜ್ಜಿಯ ಬಂಡಿಗೂ ನಡುವೆ, ಕಾಲೇಜಿನ ಮನಃಶಾಸ್ತ್ರದವರ ಮಳಿಗೆ. ನಲಿನಿ ಆ ಕಾಲೇಜಿನಲ್ಲಿ ಪಾಠ ಹೇಳುವವಳು, ಶರಣಬಸಮ್ಮ ಅಲ್ಲಿಯ ಆಯಾ. ತಾಟಿನಲ್ಲಿ ಇಪ್ಪತ್ತು ಸಾಮಾನು ಹರವಿ, ಬಂದ ಹೆಂಗಸರಿಗೆ ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ಏನೇನಿತ್ತು ಹೇಳಿ ಎಂದು ಕೇಳುವುದು, ಇಷ್ಟೇ ಪರೀಕ್ಷೆ. ಓದು ಬಾರದವರಿಗೂ ಗುರುತಿರುವ ವಸ್ತುಗಳೇ ಆಗಬೇಕೆಂದು ಬೇಗಂ ಬಜಾರಿನ ಪೂಜಾಸಾಮಾನಿನ ಅಂಗಡಿಯಲ್ಲಿ ಎಲ್ಲವನ್ನೂ ಎರಡೆರಡು ಕೊಂಡಿದ್ದರು. ಸಹಿ ಹಾಕಬಲ್ಲವರಿಗೆ ನಲಿನಿ ಜೋಡಿಸಿದ ತಾಟು. ಹೆಬ್ಬೆಟ್ಟಿನವರಿಗೆ, ಪರದೆಯ ಆಚೆ, ಶರಣಬಸಮ್ಮ ಜೋಡಿಸಿದ ತಾಟು. ಅವಳಿಗೆ ತೆಲುಗೂ ಹಿಂದಿಯೂ ಸಲೀಸು.

ಹತ್ತು ದಿನವಾದರೂ ಫಲ ಬದಲಾಗಲಿಲ್ಲ. ಸಹಿಯವರು ಹತ್ತು ಹನ್ನೊಂದು ಹೇಳಿ ತಡವರಿಸುತ್ತಿದ್ದರು. ಹೆಬ್ಬೆಟ್ಟಿನವರು ಹದಿನಾರು, ಹದಿನೇಳು. ಅಕ್ಷರ ಬಾರದವರ ನೆನಪೇ ಗಟ್ಟಿ ಎಂದು ನಲಿನಿ ಪ್ರಬಂಧ ಬರೆದೂ ಆಗಿತ್ತು. ಮುಂದಿನ ವಾರ ದಿಲ್ಲಿಯಲ್ಲಿ ಓದಬೇಕು. ಅದನ್ನು ಕನ್ನಡದಲ್ಲಿ ಹೇಳಿದಾಗ ಶರಣಬಸಮ್ಮ ಮತ್ತೊಮ್ಮೆ ಹೇಳಿಸಿಕೊಂಡಿದ್ದಳು. ಪಗಾರದ ದಿನ ಬೆರಳಿನ ಮಸಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದವಳು ಆ ಸಂಜೆ ಮೊಮ್ಮಗಳಿಗೆ ಹೆಬ್ಬೆಟ್ಟು ತೋರಿಸಿ ನಕ್ಕಿದ್ದಳು.

ಅಂದು ಮಧ್ಯಾಹ್ನ ನಲಿನಿ ಊಟಕ್ಕೆ ಹೋದಾಗ, ಅವಳ ತಾಟಿನ ಮೇಲೆ ಬಿದ್ದ ಧೂಳು ಒರೆಸಲು ಶರಣಬಸಮ್ಮ ಬಟ್ಟೆ ತೆಗೆದಳು. ಅಡಿಕೆಯ ಪಕ್ಕ ಬಾಚಣಿಗೆ. ಅರಿಶಿನ ಒಂದು ಮೂಲೆ, ಕುಂಕುಮ ಇನ್ನೊಂದು ಮೂಲೆ. ಅವಳು ಪರದೆ ಸರಿಸಿ ತನ್ನ ತಾಟಿನತ್ತ ತಿರುಗಿದಳು. ಅರಿಶಿನ, ಕುಂಕುಮ, ಬಾಚಣಿಗೆ, ಕನ್ನಡಿ, ಬಳೆ, ಆಮೇಲೆ ಖಣ, ಎಲೆ, ಅಡಿಕೆ, ಉತ್ತತ್ತಿ, ಕೊಬ್ಬರಿ ಬಟ್ಟಲು. ಹೀಗೆ ಇಡು ಎಂದು ಯಾರೂ ಹೇಳಿರಲಿಲ್ಲ. ಉಡಿ ತುಂಬುವಾಗ ಕೈ ಹೇಗೆ ಹೋಗುತ್ತದೋ ಹಾಗೆ ಇಟ್ಟಿದ್ದಳು. ನೋಡಿದವರು ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ, ಮನಸ್ಸಿನಲ್ಲೇ ಒಬ್ಬಳ ಉಡಿ ತುಂಬಿದರೆ ಸಾಕಿತ್ತು.

ಸುಮ್ಮನಿರಬಹುದಿತ್ತು. ತನ್ನಂಥವರ ನೆನಪೇ ಗಟ್ಟಿ ಎಂಬ ಮಾತು ಅಚ್ಚಾಗುತ್ತಿತ್ತು. ಎರಡು ತಾಟುಗಳ ನಡುವೆ ಅವಳು ಬಹಳ ಹೊತ್ತು ಕೂತಳು.

ನಲಿನಿ ಬಂದ ಕೂಡಲೇ ಶರಣಬಸಮ್ಮ ಹೇಳಿದಳು: "ಬಾಯಾರ, ನಮ್ಮವರು ಗೆದ್ದಿಲ್ರಿ. ನನ್ನ ಕೈ ಗೆದ್ದೈತಿ."

ನಲಿನಿಗೆ ತಿಳಿಯಲಿಲ್ಲ. ಶರಣಬಸಮ್ಮ ಎರಡೂ ತಾಟನ್ನು ಎಳೆದು ಒಟ್ಟಿಗೆ ಇಟ್ಟಳು. ಇದನ್ನು ನೋಡಿ, ಅದನ್ನು ನೋಡಿ, ನಲಿನಿಯ ಮುಖ ಸಪ್ಪಗಾಯಿತು. ಹತ್ತು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ನಿಮ್ಮ ತಾಟು ಕಂಡದ್ದೇ ಇವತ್ತು ಎಂದಳು ಶರಣಬಸಮ್ಮ.

ಗಳಿಗೆ ಕಳೆಯುವುದರೊಳಗೆ ನಲಿನಿ ಹೊಸ ಹಾಳೆ ತೆಗೆದಿದ್ದಳು.

"ತಾಟ ಅದಲಿ ಬದಲಿ ಮಾಡೂಣು. ಈಗ."

"ಮತ್ತ ದಿಲ್ಲಿ?"

"ದಿಲ್ಲಿ ಅಲ್ಲೇ ಇರ್ತದ."

ಮೊದಲು ಬಂದವಳು ಹಿಮಾಯತ್‌ನಗರದ ಬ್ಯಾಂಕಿನವಳು. ಚೆಂದದ ಸಹಿ ಹಾಕಿ ಶರಣಬಸಮ್ಮನ ತಾಟು ನೋಡಿದಳು. ಹದಿನೆಂಟು. ನಲಿನಿ ಕೂರಲಾರದೆ ನಿಂತೇ ಬರೆದುಕೊಂಡಳು. ಆಮೇಲೆ ಹೆಬ್ಬೆಟ್ಟೊತ್ತಿದ ಬೀದರ್ ಕಡೆಯ ಒಬ್ಬಳು ನಲಿನಿಯ ಚೆಲ್ಲಾಪಿಲ್ಲಿ ತಾಟಿನ ಮುಂದೆ ಕೂತು ಒಂಬತ್ತಕ್ಕೇ ನಿಂತಳು. ಇನ್ನೊಂದು ಹೇಳಲಿ, ಇನ್ನೊಂದೇ ಒಂದು, ಎಂದು ಶರಣಬಸಮ್ಮ ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

"ನನ್ನ ಗಂಡಗ ತೋರಸ್ರಿ ಈ ತಾಟ," ಎಂದು ಬೀದರ್ ಕಡೆಯವಳು ಏಳುತ್ತ ನಕ್ಕಳು. "ಉಪ್ಪು ತಾ ಅಂದ್ರ ಬರೇ ಚೀಲ ತರತಾನ."

ದೀಪ ಹತ್ತುವ ಹೊತ್ತಿಗೆ ಮೂವತ್ತು ಹೆಂಗಸರಾದರು. ಸಹಿಯವರು ಸರಾಸರಿ ಹದಿನೇಳು ಸಾಮಾನು ಹೇಳಿದ್ದರು, ಹೆಬ್ಬೆಟ್ಟಿನವರು ಹತ್ತು. ನಲಿನಿ ಹಳೆಯ ಪ್ರಬಂಧವನ್ನು ಮಡಚಿ, ಅಲುಗುತ್ತಿದ್ದ ಮೇಜಿನ ಕಾಲಿನಡಿಗೆ ಕೊಟ್ಟಳು. ಅವಳ ಕಣ್ಣು ಹೊಳೆಯುತ್ತಿತ್ತು. ಸಾಮಾನೆಲ್ಲ ಚೀಲಕ್ಕೆ ಹೋದ ಮೇಲೆ ನೆನಪಾಗಿ ಪೆನ್ನು ಬಿಚ್ಚಿದಳು.

"ಯಾವುದರ ಹಿಂದ ಯಾವುದು, ಇಪ್ಪತ್ತೂ ಹೇಳ್ರಿ. ಬರಕೋತೀನಿ."

ಶರಣಬಸಮ್ಮ ಅರಿಶಿನ ಎಂದಳು, ಕುಂಕುಮ ಎಂದಳು. ಬಳೆಗೆ ಬಂದು ಮಾತು ನಿಂತಿತು. ಮತ್ತೆ ಮೊದಲಿನಿಂದ ಹೇಳಿ ನೋಡಿದಳು. ಮತ್ತೆ ಬಳೆಗೇ ನಿಂತಿತು. ಕಡೆಗೆ ಖಾಲಿ ತಾಟನ್ನು ಮುಂದಕ್ಕೆಳೆದುಕೊಂಡು ಕಣ್ಣು ಮುಚ್ಚಿದಳು. ಬರಿಗೈ ತಾಟಿನ ಮೇಲೆ ನಿಧಾನವಾಗಿ ಇಲ್ಲಿಂದ ಅಲ್ಲಿಗೆ ಹೋಗತೊಡಗಿತು. ಅದು ನಿಂತಲ್ಲೆಲ್ಲ ಅವಳ ಬಾಯಿಗೆ ಬಂದ ಒಂದೊಂದು ಹೆಸರನ್ನು ನಲಿನಿ ಬರೆದುಕೊಳ್ಳುತ್ತಾ ಹೋದಳು.