ಉಬ್ಬರ ಬರುವವರೆಗೆ

"ಮೂಗು ಮುಚ್ಚಬೇಡ್ರೀ! ಅದು ಮೀನಲ್ಲ, ನಮ್ಮ ಹಾಗೇ ಉಸಿರಾಡುತ್ತೆ!" ಬೆಳಗಿನಿಂದ ಬಾಯಿ ಬಡಿದುಕೊಳ್ಳುತ್ತಲೇ ಇದ್ದೆ. ಒದ್ದೆ ಬಟ್ಟೆ ಹೊದಿಸಿ ಅಂದರೆ ಒಬ್ಬ ಪುಣ್ಯಾತ್ಮ ಹೋಗಿ ತಿಮಿಂಗಿಲದ ನೆತ್ತಿಯ ಉಸಿರುಗಂಡಿಗೇ ಹೊದಿಸಿದ್ದ. ಚೆನ್ನಾಗಿ ಬೈದೆ. ಪಾಪ, ಅವನದೂ ಒಳ್ಳೆ ಮನಸ್ಸೇ.

ಹನ್ನೊಂದು ಮೀಟರ್ ಉದ್ದದ ಹೆಣ್ಣು. ಮರಳಿಗೆ ಬಂದು ಬಿದ್ದು, ತನ್ನ ಮೈಭಾರಕ್ಕೆ ತಾನೇ ನಜ್ಜುಗುಜ್ಜಾಗುತ್ತಿದ್ದಳು. ಅವಳ ಪಕ್ಕೆಗೆ ನಾನು ಅಂಟಿಸಿದ್ದ ಯಂತ್ರ ನಿಮಿಷಕ್ಕೆ ಅರವತ್ತೆರಡು ಬಡಿತ ತೋರಿಸುತ್ತಿತ್ತು. ಅಷ್ಟು ದೊಡ್ಡ ಜೀವಕ್ಕೆ ಅದು ವಿಪರೀತ.

ಅಕ್ಕನ ಗಂಡ ಪಶುವೈದ್ಯರು. ಇಂಜೆಕ್ಷನ್ ಸಿದ್ಧ ಮಾಡಿಕೊಂಡು ನಿಂತಿದ್ದರು. "ನರಳ್ತಿದಾಳೆ ಕಣಮ್ಮ. ಮುಗಿಸಿಬಿಡೋಣ."

"ಮೂರು ಗಂಟೆಗೆ ಉಬ್ಬರ ಬರುತ್ತೆ ಭಾವ. ನಿಮ್ಮ ದಮ್ಮಯ್ಯ, ಅಲ್ಲೀವರೆಗೆ ಬೇಡ."

"ನಿನ್ನ ಹಟಕ್ಕೆ ನಿಮ್ಮಕ್ಕನೇ ಸೋತಿದಾಳೆ, ನಾನ್ಯಾವ ಲೆಕ್ಕ," ಅಂದರು. ನಗಲಿಲ್ಲ.

ನಾಲ್ಕು ಗಂಟೆ ಕಾಲ ಕಾದೆವು. ಅವಳ ಒಂದೊಂದು ಉಸಿರಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಹನ್ನೆರಡು ವರ್ಷ ಈ ಪ್ರಾಣಿಗಳ ಹೃದಯ ಅಳೆದಿದ್ದೇನೆ, ಒಂದನ್ನಾದರೂ ಉಳಿಸಬೇಡವೇ? "ತಡಿ ಕಣೇ, ಇನ್ನೊಂಚೂರು ತಡಿ," ಅಂತ ಅವಳ ಕೆನ್ನೆ ಸವರುತ್ತಾ ಕೂತಿದ್ದೆ.

ನೀರು ಬಂತು. ಅವಳ ಪಕ್ಕೆ ಮುಟ್ಟಿತು. ಬಡಿತ ಇಳಿಯತೊಡಗಿತು: ನಲವತ್ತು, ಇಪ್ಪತ್ತೈದು, ಹದಿನಾಲ್ಕು.

"ಭಾವಾ, ನೋಡಿ ಇಲ್ಲಿ! ಮುಳುಗೋಕೆ ಮುಂಚೆ ಇವುಗಳ ಹೃದಯ ಹೀಗೇ ನಿಧಾನವಾಗುತ್ತೆ. ಸಮುದ್ರದ ಗುರುತು ಸಿಕ್ಕಿಬಿಡ್ತು ಅವಳಿಗೆ!" ಅದರ ಮೇಲೇ ಅಲ್ಲವೇ ನಾನು ಡಾಕ್ಟರೇಟ್ ತಗೊಂಡಿದ್ದು? ಮೊಣಕಾಲುದ್ದ ನೀರಲ್ಲಿ ಕುಣಿದೆ. ಭಾವ ಅವಳ ತಲೆಯ ಕಡೆಗೆ ನಡೆದರು.

ಎಂಟು. ನೀರು ಅವಳನ್ನು ಎತ್ತಿತು. ಜನ ಐಲೇಸಾ ಅಂತ ಕೂಗುತ್ತಾ ತಳ್ಳಿದರು. ಅವಳು ಜರುಗಿದಳು. "ಹೊರಟಳು, ಹೊರಟಳು!" ಶಿಳ್ಳೆಯೋ ಶಿಳ್ಳೆ. ನಾಲ್ಕು.

ಭಾವ ಅವಳ ಕಣ್ಣುಗುಡ್ಡೆಯನ್ನೇ ಬೆರಳಿಂದ ಮುಟ್ಟಿದರು. ರೆಪ್ಪೆ ಅಲುಗಲಿಲ್ಲ.

ಮುಳುಗಲು ಹೊರಟಿರಲಿಲ್ಲ ಅವಳು. ಸಾಯುತ್ತಿದ್ದಳು. ಅದನ್ನೇ ನೋಡುತ್ತಾ ನಾನು ಕುಣಿದಿದ್ದೆ.

"ನಾಲ್ಕು ಗಂಟೆ ನರಳಿಸಿಬಿಟ್ಟೆನಲ್ಲ ಭಾವ. ಬೈಯಿರಿ, ಬೈಯಬಾರದಾ?"

ಅವರು ಬೈಯಲಿಲ್ಲ. "ತಳ್ಳೋದು ಸಾಕು ಅಂತ ಅವರಿಗೆ ನೀನೇ ಹೇಳು," ಅಂದರು.

ಹೇಳೋಣ ಅಂತ ತಿರುಗಿದೆ. ಸೀರೆಯೆಲ್ಲ ತೊಯ್ದ ಅಜ್ಜಿಯೊಬ್ಬರು ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಆ ಡಾಕ್ಟ್ರು ಆಗಲೇ ಸೂಜಿ ಚುಚ್ಚಿ ಸಾಯಿಸ್ತಿದ್ರು ಮಗಳೇ," ಅಂದರು. "ನೀನು ಬಿಡಲಿಲ್ಲ."