ಭೀಮುವಿನ ಹತ್ತನೆಯ ಗಂಟೆ

ಬಾಕ್ಸಿಂಗ್ ಆಡಿ ಹೊಟ್ಟೆ ಹೊರೆದವರು ಹೆಚ್ಚು ದಿನ ಬಾಳುವುದಿಲ್ಲ ಎಂದು ಯಾರಾದರೂ ಅಂದರೆ ಭೋಸರಿಯ ಜನ ಶಂಕ್ರೆಪ್ಪನ ಕಡೆ ಬೆರಳು ತೋರಿಸುತ್ತಿದ್ದರು. ಎಪ್ಪತ್ತಾರು ದಾಟಿದ ಮುದುಕ, ಈಗಲೂ ಬೆಳಿಗ್ಗೆ ತಾನೇ ಹಾಲಿಗೆ ಹೋಗುತ್ತಾನೆ. ಗುಟ್ಟೇನು ಎಂದು ಕೇಳಿದರೆ, “ಏಟು ಬರೂ ಕಡೆ ನಾ ಇರ್ತಿದ್ದಿಲ್ಲ” ಎಂದು ನಗಿಸುತ್ತಿದ್ದ. ಅದು ಶುದ್ಧ ಸುಳ್ಳೆಂದು ಅವನ ಸೊಟ್ಟ ಮೂಗೇ ಹೇಳುತ್ತಿತ್ತು. ನಿಜ ಹೇಳಬೇಕೆಂದರೆ ಬದುಕಿ ಬದುಕಿ ಅವನಿಗೇ ಸಾಕಾಗಿತ್ತು. ಜೊತೆಗೆ ಆಡಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕಳಿಸಿಕೊಟ್ಟು ಕೈ ಸೋತಿತ್ತು.

ಕಳಿಸಿಕೊಡುವುದೆಂದರೆ ಗಂಟೆ ಬಾರಿಸುವುದು. ಬಾಕ್ಸರ್ ಒಬ್ಬ ಸತ್ತರೆ ಅವನ ಫೋಟೊ ಮುಂದೆ ರಿಂಗಿನ ಗಂಟೆಯನ್ನು ನಿಧಾನವಾಗಿ ಹತ್ತು ಸಲ ಬಾರಿಸಬೇಕು. ಆಟದಲ್ಲಿ ಕೆಳಗೆ ಬಿದ್ದವನಿಗೆ ಹತ್ತರ ತನಕ ಎಣಿಸುತ್ತಾರೆ. ಅಷ್ಟರೊಳಗೆ ಎದ್ದರೆ ಆಟ ಉಂಟು, ಹತ್ತಾಯಿತೆಂದರೆ ಮುಗಿಯಿತು. ಸತ್ತವನಿಗೂ ಅದೇ ಲೆಕ್ಕ. ತಾನು ಆಡುತ್ತಿದ್ದ ಕ್ಲಬ್ಬಿನ ಶೆಡ್ಡು ಕೆಡವಿದ ದಿನ ಅಲ್ಲಿನ ಹಿತ್ತಾಳೆ ಗಂಟೆಯನ್ನು ಶಂಕ್ರೆಪ್ಪ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಅಂದಿನಿಂದ ಆ ಕೆಲಸ ಅವನ ಕೊರಳಿಗೇ ಬಿತ್ತು.

ಈ ಸಲ ಹೋದವನು ಭೀಮು. ಯಾದಗಿರಿ ಕಡೆಯಿಂದ ಒಂದೇ ರೈಲಿನಲ್ಲಿ ಗಾರೆ ಕೆಲಸಕ್ಕೆಂದು ಈ ಮರಾಠಿ ಊರಿಗೆ ಬಂದ ಇಬ್ಬರೂ ವಾರವೆಲ್ಲ ಇಟ್ಟಿಗೆ ಹೊತ್ತು, ಭಾನುವಾರ ದುಡ್ಡಿಗೆ ಗುದ್ದಾಡಿದವರು. ಆ ಕ್ಲಬ್ಬಿನವರಲ್ಲಿ ಬದುಕಿ ಉಳಿದಿದ್ದವರು ಅವರಿಬ್ಬರೇ. ಈಗ ಶಂಕ್ರೆಪ್ಪ ಒಬ್ಬನೇ.

ಮಗಳು ಭುವನೇಶ್ವರಿಗೆ ಬೇರೆಯೇ ಚಿಂತೆ. ಅಪ್ಪ ಒಲೆ ಹಚ್ಚಿ ಮರೆಯುತ್ತಿದ್ದ, ಹಾಲಿಗೆಂದು ಹೋದವನು ಬರಿಗೈಯಲ್ಲಿ ಬರುತ್ತಿದ್ದ.

“ತಲಿಗಿ ಬಿದ್ದ ಏಟು ಈಗ ಕಾಡ್ಲಕತ್ಯಾವ ಅಪ್ಪಾ. ಒಮ್ಮೆ ಡಾಕ್ಟರ್ ಕಡಿ ಹೋಗಾಮು ಬಾ.”

ಡಾಕ್ಟರ ಹೆಸರೆತ್ತಿದರೆ ಅವನಿಗೆ ಮೈಯೆಲ್ಲ ಉರಿ. ತಲೆ ತೋರಿಸಲು ಹೋದ ಗೆಳೆಯರು ಕೂಸಿನ ಹಾಗೆ ಹೆಂಡತಿಯ ಕೈ ಹಿಡಿದು ವಾಪಸು ಬಂದದ್ದನ್ನು ಕಂಡಿದ್ದ. ಕೊನೆಗೆ ಪಂಥ ಕಟ್ಟಿದ.

“ಭೀಮೂನ ಹತ್ತು ಗಂಟಿ ಸರಿಯಾಗಿ ಬಾರಿಸಿದೆ ಅಂದ್ರ ಮತ್ತ ಡಾಕ್ಟರ್ ಸುದ್ದಿ ತೆಗೀಬ್ಯಾಡ. ತಪ್ಪಿದೆ ಅಂದ್ರ ನೀ ಕರದಲ್ಲಿ ಬರ್ತೀನಿ.”

ಕಟ್ಟಿದ್ದೇನೋ ಕಟ್ಟಿದ, ಒಳಗೊಳಗೇ ಎಣಿಕೆ ತಪ್ಪುವ ಅಂಜಿಕೆ. ಯಾರಿಗೂ ಕಾಣದ ಹಾಗೆ ಹತ್ತು ಹುಣಸೆ ಬೀಜ ಆರಿಸಿ ಜುಬ್ಬದ ಎಡಜೇಬಿಗೆ ಹಾಕಿಕೊಂಡ. ಒಂದು ಸಲ ಬಾರಿಸಿದರೆ ಒಂದು ಬೀಜ ಎದೆಯ ಜೇಬಿಗೆ. ಎಡಜೇಬಿನ ಬೀಜ ಮುಗಿದರೆ ಹತ್ತಾಯಿತು.

ಬಿಬವೇವಾಡಿಯ ಭೀಮುವಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೊತೆಗೆ ಬಂದ ಭುವನೇಶ್ವರಿ ಭೀಮುವಿನ ಹೆಂಡತಿಯ ಪಕ್ಕ ಕೂತಳು. ಫೋಟೊದಲ್ಲಿ ಭೀಮು ಗ್ಲೌಸು ತೊಟ್ಟು ನಗುತ್ತಿದ್ದ. ಶಂಕ್ರೆಪ್ಪ ಗಂಟೆ ಬಾರಿಸಿದ, ಎದೆಗೆ ಕೈ ಒಯ್ದ. ಮತ್ತೆ ಬಾರಿಸಿದ, ಮತ್ತೆ ಎದೆಗೆ ಕೈ. ಮುದುಕನ ಸಂಕಟ ನೋಡಲಾರದೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೊನೆಗೆ ಎಡಜೇಬು ತಡಕಿದ, ಬೀಜ ಒಂದೂ ಸಿಗಲಿಲ್ಲ. ಗಂಟೆ ಕೆಳಗಿಟ್ಟ.

ಯಾರೂ ಮಿಸುಕಲಿಲ್ಲ. ಎಲ್ಲರೂ ಇನ್ನೂ ಗಂಟೆಯನ್ನೇ ನೋಡುತ್ತಿರುವಾಗ ಭೀಮುವಿನ ಹೆಂಡತಿ ಹುಲಿಗೆವ್ವ ಎದ್ದು ನಿಂತಳು. “ಆತ್ರಿ ಶಂಕ್ರೆಪ್ಪಣ್ಣ, ಭಾಳ ಛಲೋ ಆತು. ಎಲ್ಲಾರೂ ಊಟಕ್ಕ ಏಳ್ರಿ” ಅಂದಳು. ಶಂಕ್ರೆಪ್ಪನ ಜೀವ ಹಗುರಾಯಿತು. ಎರಡು ಸಲ ಅನ್ನ ಹಾಕಿಸಿಕೊಂಡ.

ಶಿವಾಜಿನಗರದಲ್ಲಿ ಬಸ್ಸು ಬದಲಿಸಿ ಕೂತಾಗ ಕಂಡಕ್ಟರ್ ಬಂದು, “ಪಾಸ್ ದಾಖವಾ, ಆಜೋಬಾ” ಎಂದು ಅಜ್ಜನ ಪಾಸು ಕೇಳಿದ. ಪಾಸಿಗಾಗಿ ಶಂಕ್ರೆಪ್ಪ ಎಡಜೇಬಿನ ತಳದವರೆಗೂ ಕೈ ಇಳಿಸಿದ. ಹೊಲಿಗೆಯ ಮೂಲೆಯಲ್ಲಿ ಬೆರಳಿಗೆ ನುಣ್ಣಗೆ ಒಂದು ಬೀಜ ತಗುಲಿತು.

ಪಾಸು ತೋರಿಸಿ, ಕಂಡಕ್ಟರ್ ಮುಂದೆ ಹೋಗುವ ತನಕ ಬೀಜವನ್ನು ಮುಷ್ಟಿಯಲ್ಲೇ ಹಿಡಿದುಕೊಂಡ. ಆಮೇಲೆ ಪಕ್ಕದಲ್ಲಿದ್ದ ಮಗಳನ್ನು ಮೆಲ್ಲಗೆ ಕೇಳಿದ. “ಭುವನಿ, ನಾ ಎಷ್ಟು ಬಾರಿಸಿದೆ? ಖರೆ ಹೇಳು.”

ಅವಳು ಕಿಟಕಿಯ ಕಡೆ ತಿರುಗಿದಳು. “ಒಂಬತ್ತು. ನಾ ಹೇಳ್ಲಕ ಬಂದಿದ್ದೆ, ಹುಲಿಗೆವ್ವ ಚಿಕ್ಕವ್ವ ಕೈ ಹಿಡಿದ್ಲು. ‘ಇರ್ಲಿ ಬಿಡವ್ವ, ನಮ್ಮ ಮನಿಯವರು ಯಾವಾಗ್ಲೂ ಒಂಬತ್ತಕ್ಕ ಏಳ್ತಿದ್ರು’ ಅಂದ್ಲು.”

ಶಂಕ್ರೆಪ್ಪನಿಗೆ ನಗು ಬಂತು, ಹಿಂದೆಯೇ ಅಳು ಬಂತು. ನಿಜ, ಭೀಮು ಎಷ್ಟು ಏಟು ತಿಂದು ಬಿದ್ದರೂ ಒಂಬತ್ತು ಅನ್ನುವಷ್ಟರಲ್ಲಿ ಎದ್ದು ನಿಲ್ಲುತ್ತಿದ್ದ, ಮತ್ತಷ್ಟು ಏಟು ತಿನ್ನುತ್ತಿದ್ದ. ಬೀಜ ಮೂಲೆಯಲ್ಲಿ ಅಡಗಿತ್ತು, ತನ್ನ ತಪ್ಪಲ್ಲ ಎಂದು ಶಂಕ್ರೆಪ್ಪ ವಾದಿಸಬಹುದಿತ್ತು. ಆದರೆ ಹತ್ತು ಎಣಿಸಲು ಅವನಿಗೆ ಬೀಜ ಬೇಕಾಗಿತ್ತಲ್ಲ, ಅದಕ್ಕೇನು ಹೇಳುವುದು? ಬೀಜವನ್ನು ಮಗಳ ಅಂಗೈಯಲ್ಲಿ ಇಟ್ಟ.

“ನಾಳೆ ಡಾಕ್ಟರ್ ಕಡಿ ಹೋಗಾಮು.”

ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

“ಇನ್ನೊಂದು ಮಾತು. ನನ್ನ ಪಾಳಿ ಬಂದಾಗ ಬಾರಿಸ್ಲಿಕ್ಕ ಯಾರೂ ಉಳಿದಿಲ್ಲ, ನೀನೇ ಬಾರಿಸು. ಪೂರಾ ಹತ್ತು ಬಾರಿಸು ತಾಯಿ. ನನಗ ಮತ್ತ ಏಳೂದು ಬ್ಯಾಡ.”

ಭುವನೇಶ್ವರಿ ಅವನ ಕಾಲ ಬಳಿ ಇದ್ದ ಗಂಟೆಯ ಚೀಲವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.