ನೂರಾ ಹತ್ತೊಂಬತ್ತನೇ ನಂಬರು

ಸೀನು ಮೂಗಿನ ತುದಿತನಕ ಬಂದು ನಿಂತುಬಿಟ್ಟಿತು, ಬರುವುದೂ ಇಲ್ಲ ಹೋಗುವುದೂ ಇಲ್ಲ, ಥೇಟ್ ಆ ಮನೆಮನೆಗೆ ನಂಬರು ಹಾಕುವವನ ಹಾಗೆ — ಎಂಟಕ್ಕ ಬರ್ತಾನ, ಮನೀ ಬಿಟ್ಟು ಕದಲಬ್ಯಾಡ, ಯಾರೂ ಇಲ್ಲಂದ್ರ ಹಂಗ ಮುಂದ ಹೊಕ್ಕಾನ ಅಂತ ಬಾಜೂ ಮನೆಯ ಗದಿಗೆವ್ವ ಹೇಳಿದ್ದು, ಈಗ ನೋಡಿದರೆ ಬಿಸಿಲು ತಗಡಿನ ಬಾಗಿಲು ಹತ್ತಿ ಕೂತಿದೆ, ಮೈಮುನಾಬಿ ಹೊಸ್ತಿಲಲ್ಲೇ ಇದ್ದಾಳೆ, ಬ್ಯಾಡಗಿ ಪೇಟೆಯಿಂದ ತಂದ ಚೀಲ ಬಿಚ್ಚಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಾಳೆ, ಕಾಯಿ ಬಲಕ್ಕೆ ತೊಟ್ಟು ಎಡಕ್ಕೆ, ಬೆರಳು ಉರಿ, ಕಣ್ಣು ಉರಿ, ಈ ಊರಲ್ಲಿ ಅದೊಂದು ಅನುಕೂಲ, ಅತ್ತರೆ ಯಾಕೆಂದು ಯಾರೂ ಕೇಳುವುದಿಲ್ಲ. ಹತ್ತಕ್ಕೆ ಹುಬ್ಬಳ್ಳಿ ಬಸ್ಸು, ಅದು ಸಿಕ್ಕರೆ ಅಲ್ಲಿಂದ ಬಾಗಲಕೋಟೆ, ಕತ್ತಲಾಗುವುದರೊಳಗೆ ಹಳೇ ಊರು — ತಮ್ಮ ಅಜೀಮ ನಿನ್ನೆ ಅಂಗಡಿ ಫೋನಿಗೆ ಮಾಡಿದ್ದ, ಆಪಾ, ಈ ವರ್ಷ ಡ್ಯಾಮಿನ ನೀರು ಪೂರಾ ಇಳದೈತಿ, ಕಬರಸ್ತಾನ ಕಾಣಾಕತ್ತೈತಿ, ನಾಳೆ ಬಂದರ ಬಂದಿ, ನಾಡದ ಮತ್ತ ನೀರು ಬಿಡ್ತಾರಂತ, ಆಮ್ಯಾಲೆ ಸಣ್ಣಗೆ, ಆಪಾ, ನೀ ಬರದ ನಂಬರಾ ಇನ್ನೂ ಐತಿ, ಒಂಬತ್ತರ ಬಾಲ ಸೈತ ಐತಿ. ಗಂಡ ಕುತುಬುದ್ದೀನನಿಗೆ ಹೇಳಿದರೆ ಅವನು ತಟ್ಟೆಯಿಂದ ಮುಖ ಎತ್ತಲಿಲ್ಲ, ಆಕೀಗಿ ನೆಲ ಸಿಕ್ಕೈತಿ, ನಮಗ ಸಿಕ್ಕಿಲ್ಲ, ಸುಮ್ನ ಮನ್ಯಾಗ ಕುಂದ್ರು ಅಂದ, ಮುಂಜಾನೆದ್ದು ಮೂಟೆ ಹೊರಲು ಹೋದ, ಕಲ್ಲಿನಂಥವನು ಅಂದುಕೊಳ್ಳಬಹುದು, ಆದರೆ ಮಗಳ ಕುಣಿಯನ್ನು ತೋಡಿದವನು ಅವನೇ, ಯಾರ ಕೈಗೂ ಗುದ್ದಲಿ ಕೊಟ್ಟಿರಲಿಲ್ಲ.

ಡ್ಯಾಮಿಗೆ ಊರು ಮುಳುಗುವ ಮುಂಚೆ ಅಲ್ಲಿಯೂ ಹೀಗೇ ನಂಬರು ಹಾಕುತ್ತ ಬಂದಿದ್ದರು, ಡಾಂಬರಿನ ಡಬ್ಬಿ, ಬ್ರಶ್ಶು, ಮನೆಗೆ ನಂಬರು, ಬಾವಿಗೆ ನಂಬರು, ಹುಣಸೆಮರಕ್ಕೂ ನಂಬರು, ನಂಬರು ಬಿದ್ದದ್ದೆಲ್ಲ ಹೊಸ ಊರಿಗೆ ಹೊಕ್ಕೈತಿ ಅಂತ ಊರೆಲ್ಲ ಒಂದೇ ಮಾತು, ಇವರ ಬಾಗಿಲಿಗೆ ಬಿದ್ದದ್ದು ನೂರಾ ಹದಿನೆಂಟು, ನಾಲ್ಕು ವರ್ಷದ ಮಗಳು ಅಲ್ಮಾಸ ಆ ಮನುಷ್ಯನ ಬೆನ್ನು ಹತ್ತಿ ಓಣಿಯೆಲ್ಲ ತಿರುಗಿದ್ದೇ ತಿರುಗಿದ್ದು, ಅಂಗೈ ಚಾಚಿ, ಮಾಮಾ, ನನಗೂ ಒಂದು ಹಾಕ್ರಿ, ಅವನು ನಕ್ಕ, ನಿನಗ್ಯಾಕವಾ ನಂಬರಾ, ನೀ ನಡಕೊಂತ ಹೊಕ್ಕೀಯಲ್ಲ ಅಂದ — ನಡಕೊಂತ — ಮೂರು ದಿನದ ಜ್ವರ, ನಾಲ್ಕನೇ ದಿನ ಮಣ್ಣು. ವಾರ ಬಿಟ್ಟು ಅವನು ಕೊಟ್ಟಿಗೆಗಳನ್ನು ಎಣಿಸಲು ಮತ್ತೆ ಬಂದ, ಊಟಕ್ಕೆ ಕೂತಾಗ ಡಬ್ಬಿ ಬೇವಿನ ಕೆಳಗೆ ಬಿಟ್ಟಿದ್ದ, ಮೈಮುನಾಬಿ ಸೆರಗಿನಲ್ಲಿ ಮುಚ್ಚಿಕೊಂಡು ಕಬರಸ್ತಾನಕ್ಕೆ ಓಡಿದಳು, ಓದು ಬಾರದು, ಆದರೆ ಎಂಟಾದ ಮೇಲೆ ಒಂಬತ್ತು, ಅಷ್ಟು ಬರುತ್ತಿತ್ತು, ಮಗಳ ಕಲ್ಲಿನ ಮೇಲೆ ಬರೆದಳು, ಡಾಂಬರು ತೆಳು, ಒಂಬತ್ತರ ಬಾಲ ಸೋರಿ ಸೋರಿ ಕಲ್ಲಿನಿಂದ ಮಣ್ಣಿಗೆ ಇಳಿಯಿತು, ಎಷ್ಟು ಸಮಾಧಾನವಾಗಿತ್ತು ಆ ಹೊತ್ತು, ಮಗಳನ್ನೂ ಬರೆಸಿಬಿಟ್ಟೆ ಅಂತ. ಮರುದಿನ ಅದೇ ನಂಬರನ್ನು ಜಯವ್ವನ ಎಮ್ಮೆ ಕೊಟ್ಟಿಗೆಗೆ ಹಾಕಿದರು, ಎಮ್ಮೆಗೆ ಹೊಸ ಊರಿನಲ್ಲಿ ಜಾಗ ಸಿಕ್ಕಿತು, ಇವರಿಗೆ ಅದೂ ಇಲ್ಲ, ಮನೆ ಬಾಡಿಗೆಯದು, ಮನಿ ಯಾರದೋ ನಂಬರಾನೂ ಅವರದ ಅಂದರು ಸಾಹೇಬರು, ದೇವರು ವರ ಕೊಟ್ಟರೂ ಪೂಜಾರಿ ಕೊಡ, ಇಲ್ಲಿ ದೇವರೂ ಕೊಟ್ಟಿರಲಿಲ್ಲ. ಮುಳುಗಡಿಯಾಕಿ — ಬ್ಯಾಡಗಿಯಲ್ಲಿ ಅವಳ ಹೆಸರು ಅದೇ, ಏಳು ವರ್ಷದಿಂದ ಈ ತಗಡು, ಇವತ್ತು ನಂಬರು ಬಿದ್ದರೆ ಯಾರೂ ಎಬ್ಬಿಸುವುದಿಲ್ಲವಂತೆ, ಹೋದರೆ ಇದು ಇಲ್ಲ, ಕೂತರೆ ಅದು ಇಲ್ಲ, ಒಂದು ಹಿಡಿ ಮಣ್ಣನ್ನಾದರೂ ಸೆರಗಿನಲ್ಲಿ ಕಟ್ಟಿಕೊಂಡು — ಬಸ್ಸಿನ ಹಾರ್ನು — ಎದ್ದಳು, ಮಡಿಲಿನ ಮೆಣಸಿನಕಾಯಿ ಚೆಲ್ಲಿತು, ಇನ್ನೂ ಓಡಿದರೆ ಸಿಗುತ್ತದೆ, ಎರಡು ಹೆಜ್ಜೆ ಇಟ್ಟೂ ಇಟ್ಟಳು, ಎಲ್ಲಿ ಹೊಂಟ್ರೀ ಅಮ್ಮಾ, ನಿಂದರ್ರಿ, ನಂಬರಾ ಹಾಕಾಕ ಬಂದೇವಿ.

ಮನ್ಯಾಗ ಎಷ್ಟು ಮಂದಿ ಅದೀರಿ. ಮೂರು — ಬಾಯಿಂದ ಹಾಗೇ ಬಂತು, ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಹೆಸರು ಹೇಳ್ರಿ. ಕುತುಬುದ್ದೀನ, ಮೈಮುನಾಬಿ, ಅಲ್ಮಾಸ. ಹುಡುಗಿ ಎಲ್ಲದಾಳ್ರಿ, ಕರೀರಿ, ನೋಡೇ ಬರೀಬೇಕು. ಹಾರ್ನು ಇನ್ನೊಮ್ಮೆ, ದೂರ, ಹಾವೇರಿ ರಸ್ತೆಯ ಕಡೆ. ನಡಕೊಂತ ಬರಾಕತ್ತಾಳ್ರಿ ಅಂದಳು. ಹಂಗಾರ ಬಂದ ಮ್ಯಾಲ ಬರಸ್ರಿ, ಈಗ ಎರಡು ಅಂತ ಹಾಕೇನಿ — ಬ್ರಶ್ಶು ಡಬ್ಬಿಯೊಳಗೆ ಮುಳುಗಿತು, ತಗಡಿನ ಮೇಲೆ ಏನೋ ಬರೆಯಿತು, ಯಾವ ನಂಬರೋ ಅವಳಿಗೆ ಕಾಣಲಿಲ್ಲ, ಕಣ್ಣ ಮುಂದೆ ಕಲ್ಲು, ಕಲ್ಲಿನ ಬುಡಕ್ಕೆ ಬಂದ ನೀರು, ಒಂಬತ್ತರ ಬಾಲ, ನೀರು, ಒಂಬತ್ತರ ಬಾಲ